ಮೇಯರ್ ಹೆಸರಿನ ಚೀಟಿ

ಚೀಟಿ ಬಿಡಿಸಿ ನೋಡಿದಾಗ ನರ್ಸಮ್ಮನಿಗೆ ಅನಿಸಿದ್ದು, ಇದು ದೇವರ ಚಿತ್ತವಲ್ಲ, ಪಾಸ್ಟರ್ ಕಿತಾಪತಿ ಎಂದೇ. ತಗಡಿನ ಡಬ್ಬಿಯಲ್ಲಿ ಇನ್ನೂರಕ್ಕೂ ಹೆಚ್ಚು ಚೀಟಿಗಳಿದ್ದವು. ಮೇಲಿನದು ಬೇಡವೆಂದು ಮೊಣಕೈವರೆಗೂ ಕೈ ಇಳಿಸಿ, ತಳದಲ್ಲಿ ತಡಕಾಡಿ, ಮೂಲೆಗೆ ಸಿಕ್ಕಿಕೊಂಡಿದ್ದ ಒಂದನ್ನು ಉಗುರಿನಿಂದ ಕೆರೆದು ತೆಗೆದಿದ್ದಳು. ಅಷ್ಟು ಕಷ್ಟಪಟ್ಟು ತೆಗೆದ ಚೀಟಿಯಲ್ಲಿ ಮೇಯರ್ ಹೆಸರಿತ್ತು.

ಆ ಕ್ರೈಸ್ತ ಸಭೆಯಲ್ಲಿ ವರ್ಷಕ್ಕೊಮ್ಮೆ ನಲವತ್ತು ದಿನಗಳ ಚೀಟಿ ಪ್ರಾರ್ಥನೆ ನಡೆಯುತ್ತದೆ. ಸಭೆಯ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹೆಸರಿಗೂ ಒಂದು ಚೀಟಿ. ಪ್ರತಿಯೊಬ್ಬರೂ ಒಂದೊಂದು ಎತ್ತಬೇಕು. ಯಾರ ಹೆಸರು ಬಂದರೂ ಅವರಿಗಾಗಿ ದಿನಕ್ಕೊಂದು ಸಲ ಹೆಸರು ಹಿಡಿದು, ಬಾಯಿಬಿಟ್ಟು ಪ್ರಾರ್ಥಿಸಬೇಕು. ಮನಸ್ಸಿನಲ್ಲೇ ಅಂದುಕೊಂಡೆ ಎಂದರೆ ನಡೆಯುವುದಿಲ್ಲ. ಯಾರ ಚೀಟಿ ಬಂದಿದೆಯೆಂದು ಹೇಳುವಂತಿಲ್ಲ, ಚೀಟಿ ಬದಲಾಯಿಸುವಂತಿಲ್ಲ. ನಲವತ್ತನೆಯ ದಿನ ಆರಾಧನೆಯಲ್ಲಿ ಎದ್ದುನಿಂತು, ಇಂಥವರಿಗಾಗಿ ಪ್ರಾರ್ಥಿಸಿದೆ, ಇಂಥದ್ದನ್ನು ಬೇಡಿದೆ ಎಂದು ಎಲ್ಲರೆದುರು ಹೇಳಬೇಕು. ಈ ವರ್ಷ ಪಾಸ್ಟರಿಗೆ ಅದೇನು ಹುರುಪು ಬಂತೋ, ನಮ್ಮನ್ನು ಆಳುವವರಿಗಾಗಿಯೂ ಪ್ರಾರ್ಥಿಸಬೇಕೆಂಬ ಆಜ್ಞೆಯಿದೆ, ನಾವದನ್ನು ಮರೆತೇಬಿಟ್ಟಿದ್ದೇವೆ ಎಂದು ಹೇಳಿ, ಮೇಯರ್‌ದೂ ವಿರೋಧ ಪಕ್ಷದ ನಾಯಕರದೂ ಒಂದೊಂದು ಚೀಟಿ ಸೇರಿಸಿಬಿಟ್ಟಿದ್ದರು. ಇನ್ನೂರು ಕೈಗಳಲ್ಲಿ ಮೇಯರನ್ನು ಹೊತ್ತು ಮೆರೆಸುವ ಕೈಗಳೇ ನೂರಿದ್ದವು. ಅವರನ್ನೆಲ್ಲ ಬಿಟ್ಟು ಚೀಟಿ ಬಂದದ್ದು ಇವಳಿಗೆ.

ನರ್ಸಮ್ಮ ಆ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷ ಕೆಲಸ ಮಾಡಿದವಳು. ರಸ್ತೆಯಲ್ಲಿ ಓಡಾಡುವ ಅರ್ಧಕ್ಕರ್ಧ ಜನರ ತಲೆಯನ್ನು ಅವರ ತಾಯಂದಿರಿಗಿಂತ ಮೊದಲು ನೋಡಿದ್ದವಳು. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಡ್ಯೂಟಿಗೆ ಹೋದಾಗ ಗೇಟಿನ ಮೇಲೆ ನೋಟೀಸು ಅಂಟಿಸಿತ್ತು. ಹೆರಿಗೆ ವಿಭಾಗ ಜಿಲ್ಲಾಸ್ಪತ್ರೆಗೆ ವರ್ಗ, ಈ ಕಟ್ಟಡದಲ್ಲಿ ಇನ್ನು ನಾಗರಿಕ ಸೇವಾ ಕೇಂದ್ರ, ಮೇಯರ್ ಅಪ್ಪಣೆ. ಜಿಲ್ಲಾಸ್ಪತ್ರೆ ಇಪ್ಪತ್ತೆಂಟು ಕಿಲೋಮೀಟರ್ ದೂರ. ಈಗ ಮಕ್ಕಳನ್ನು ತೂಗುತ್ತಿದ್ದ ಜಾಗದಲ್ಲಿ ಮೇಯರ್ ಫೋಟೋ ಇದೆ, ಕೈಮುಗಿದು ನಗುತ್ತಿದೆ. ಹೆರಿಗೆ ಕೋಣೆಯಲ್ಲಿ ಟೋಕನ್ ಕೊಡುತ್ತಾರೆ. ನರ್ಸಮ್ಮನನ್ನು ಪಕ್ಕದ ಹೊರರೋಗಿ ವಿಭಾಗದಲ್ಲಿ ಲಸಿಕೆ ಮೇಜಿಗೆ ಕೂರಿಸಿದರು. ಮುಚ್ಚಿದ ಎರಡನೇ ತಿಂಗಳಿಗೇ ಒಬ್ಬಳು ಹುಡುಗಿ ಜಿಲ್ಲಾಸ್ಪತ್ರೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಹೆತ್ತಳು. ಆ ಬಸ್ಸು ಓಡಿಸುತ್ತಿದ್ದವನು ನರ್ಸಮ್ಮನ ಗಂಡನೇ. ತಾಯಿ ಮಗು ಇಬ್ಬರೂ ಉಳಿದರು. ಉಳಿದದ್ದು ಅವರ ಅದೃಷ್ಟ, ಮೇಯರ್ ದಯೆಯಲ್ಲ ಎಂದು ನರ್ಸಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಕೇಳಿಸಿಕೊಳ್ಳದವನೆಂದರೆ ಒಬ್ಬನೇ, ಅವಳ ಸ್ವಂತ ಅಣ್ಣ. ಅಣ್ಣನದು ಮುದ್ರಣಾಲಯ. ಮೇಯರ್ ಬಂದ ಮೇಲೆ ಪ್ರೆಸ್ಸಿನ ಮುಂದಿನ ರಸ್ತೆ ಅಗಲವಾಯಿತು, ದೀಪದ ಕಂಬ ಬಂತು, ಚರಂಡಿಗೆ ಮುಚ್ಚಳ ಬಿತ್ತು. ಅಷ್ಟಕ್ಕೇ ಅಣ್ಣ ಕರಗಿ ನೀರಾದ. ಮೇಯರ್ ಪೋಸ್ಟರುಗಳನ್ನು ಅಚ್ಚು ಹಾಕುವುದಷ್ಟೇ ಅಲ್ಲ, ಹಗ್ಗ ಹಿಡಿದು ಕಟ್ಟುವುದಕ್ಕೂ ತಾನೇ ಏಣಿ ಹತ್ತಿದ. ಬಸ್ಸಿನಲ್ಲಿ ಹೆರಿಗೆಯಾದ ಮರುವಾರ, ಭಾನುವಾರದ ಊಟಕ್ಕೆ ಅವನ ಮನೆಯಲ್ಲಿ ಕೂತಿದ್ದಾಗ ಮಾತಿಗೆ ಮಾತು ಬೆಳೆಯಿತು. ನಿನಗಿರುವುದು ಊರಿನ ಚಿಂತೆಯಲ್ಲ, ನಿನ್ನ ಕುರ್ಚಿ ಹೋಯಿತೆಂಬ ಹೊಟ್ಟೆಯುರಿ ಎಂದು ಅಣ್ಣ ಅಂದುಬಿಟ್ಟ. ನರ್ಸಮ್ಮ ತಟ್ಟೆ ಬಿಟ್ಟು ಎದ್ದಳು. ಅಂದಿನಿಂದ ಮಾತಿಲ್ಲ.

ಮಾತು ಬಿಟ್ಟವರು ದೂರವಾದರೂ ಇರಬೇಡವೇ? ಅದೂ ಇಲ್ಲ. ದೇವಾಲಯದಲ್ಲಿ ಅಪ್ಪನ ಕಾಲದಿಂದ ಅವರ ಮನೆತನ ಕೂರುವ ಬೆಂಚು ಒಂದೇ. ಈ ತುದಿಗೆ ಇವಳು, ಆ ತುದಿಗೆ ಅವನು, ನಡುವೆ ಗೋಡೆಯಾಗಿ ಇವಳ ಗಂಡ ಮತ್ತು ಅತ್ತಿಗೆ. ಕೀರ್ತನೆ ಹಾಡುವಾಗ ಅಣ್ಣ ಯಾವಾಗಲೂ ಅರ್ಧ ತಾಳ ಮುಂದೆ ಓಡುತ್ತಾನೆ. ಮೊದಲೆಲ್ಲ ಅವಳು ಮೊಣಕೈಯಿಂದ ತಿವಿದು ಹಿಂದಕ್ಕೆ ಎಳೆಯುತ್ತಿದ್ದಳು. ಈಗ ಅವನು ತನ್ನ ಪಾಡಿಗೆ ತಾನು ಮುಂದೋಡುತ್ತಾನೆ, ಇವಳು ಹಲ್ಲು ಕಚ್ಚಿಕೊಂಡು ಕೇಳುತ್ತಾಳೆ. ಅಪ್ಪ ಅಮ್ಮ ಇಲ್ಲ. ಒಡಹುಟ್ಟಿದವರು ಇಬ್ಬರೇ. ಅವನಿಲ್ಲದೆ ಭಾನುವಾರಗಳು ಬಿಕೋ ಎನ್ನುತ್ತಿದ್ದವು, ಅದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದೇ ಅವಳಿಗೆ ಇನ್ನೊಂದು ಸಿಟ್ಟು.

ಇರಲಿ, ಚೀಟಿ ಬಂದಿದೆ, ಮಾಡಲೇಬೇಕು. ಮೊದಲ ದಿನ ಬೆಳಿಗ್ಗೆ ಐದೂವರೆಗೆ, ಟೀ ನೀರು ಕಾಯುವಷ್ಟರಲ್ಲಿ ಮುಗಿಸಿಬಿಡೋಣವೆಂದು ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಳು. ತಂದೆಯೇ, ಮೇಯರಿಗೆ ಒಳ್ಳೆಯ ಬುದ್ಧಿ ಕೊಡು ಎಂದಳು. ಮುಂದೇನು ಹೇಳುವುದೆಂದು ತೋಚದೆ, ಇಲ್ಲದ್ದನ್ನು ಕೊಡು ಎಂದು ಸೇರಿಸಿದಳು. ಎರಡನೇ ದಿನ ಅವನ ಆರೋಗ್ಯಕ್ಕಾಗಿ ಬೇಡಲು ಹೋಗಿ, ಅವನಿಗೊಂದು ಸಲ ಹೊಟ್ಟೆನೋವು ಬರಲಿ, ಜಾಸ್ತಿ ಬೇಡ, ಇಪ್ಪತ್ತೆಂಟು ಕಿಲೋಮೀಟರಿನಷ್ಟು ಬರಲಿ ಎಂದು ಮುಗಿಸಿದಳು. ಐದನೇ ದಿನದ ಹೊತ್ತಿಗೆ ಪ್ರಾರ್ಥನೆ ಪೂರ್ತಿ ದೂರಿನ ಅರ್ಜಿಯಾಗಿತ್ತು, ತಾರೀಖಿನ ಸಮೇತ. ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಗಂಡ, ಬಸ್ಸಿನ ಹಿಂದಿನ ಸೀಟಿನ ಕವರ್ ಇನ್ನೂ ಬದಲಾಯಿಸಿಲ್ಲ, ಅದನ್ನೂ ಒಂದು ಮಾತು ಹಾಕು ಎಂದ. ಆಮೆನ್ ಆದ ಮೇಲೆ ಅವನಿಗೂ ಸರಿಯಾಗಿ ಪೂಜೆಯಾಯಿತು.

ಏಳನೇ ದಿನ ಪಾಸ್ಟರ್ ಹತ್ತಿರ ಹೋದಳು. ಹೆಸರು ಹೇಳುವಂತಿಲ್ಲವಲ್ಲ, ನನಗೆ ಬಂದಿರುವ ಮನುಷ್ಯನಿಗಾಗಿ ಪ್ರಾರ್ಥಿಸಲು ನಾಲಿಗೆ ಏಳುತ್ತಿಲ್ಲ ಎಂದಷ್ಟೇ ಅಂದಳು. ಯಾರೆಂದು ಪಾಸ್ಟರಿಗೆ ತಕ್ಷಣ ಗೊತ್ತಾಯಿತೆಂದು ಅವರ ಮೀಸೆಯೇ ಹೇಳುತ್ತಿತ್ತು.

"ಹೊಗಳಿ ಅಂತ ಯಾರೂ ಹೇಳಿಲ್ಲಮ್ಮ, ಪ್ರಾರ್ಥನೆ ಮಾಡಿ ಅಂತ ಹೇಳಿರೋದು," ಎಂದರು.

ಅವನ ಒಳ್ಳೆಯದಕ್ಕೆ ನಾನು ಬೇಡಿಕೊಂಡರೆ ಅವನು ಮಾಡಿದ್ದೆಲ್ಲ ಸರಿ ಎಂದು ನಾನೇ ಮೊಹರು ಒತ್ತಿದ ಹಾಗಲ್ಲವೇ ಎಂದು ಅವಳು ಕೇಳಿದಳು. ಪಾಸ್ಟರ್ ಉತ್ತರ ಕೊಟ್ಟರು, ಅದರಲ್ಲಿ ಕೃಪೆ ನಾಲ್ಕು ಸಲ, ತಾಳ್ಮೆ ಆರು ಸಲ ಬಂತು. ಚೀಟಿ ಬದಲಾಯಿಸಲು ಬರುವುದಿಲ್ಲ ಎಂಬುದೊಂದು ಮಾತ್ರ ಅವಳಿಗೆ ಅರ್ಥವಾಯಿತು. ಇನ್ನು ಮೂವತ್ತಮೂರು ದಿನಕ್ಕೆ ಇನ್ನೂರು ಜನರೆದುರು ಎದ್ದುನಿಂತು, ಮೇಯರಿಗೆ ಹೊಟ್ಟೆನೋವು ಬೇಡಿದೆ ಎಂದು ಹೇಳುವ ಚಿತ್ರ ಕಣ್ಣಮುಂದೆ ಬಂದು ಅವಳ ತಲೆ ಚಿಟ್ಟುಹಿಡಿಯಿತು.

ಒಂಬತ್ತನೇ ದಿನ ಅತ್ತಿಗೆ ಲಸಿಕೆ ಮೇಜಿನ ಬಳಿಗೆ ಬಿಪಿ ನೋಡಿಸಿಕೊಳ್ಳಲು ಬಂದಳು. ಮಾತು ಬಿಟ್ಟಿದ್ದು ಅಣ್ಣತಂಗಿ, ಅತ್ತಿಗೆ ನಾದಿನಿಯರಲ್ಲ. ತಿಂಗಳಿಗೊಮ್ಮೆ ಬಂದು, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು, ಆ ಮನೆಯ ಸುದ್ದಿ ಇಲ್ಲಿಗೆ ಸುರಿದು, ಇಲ್ಲಿಯದನ್ನು ತುಂಬಿಕೊಂಡು ಹೋಗುವುದು ಅವಳ ಪದ್ಧತಿ. ಆ ದಿನ ನರ್ಸಮ್ಮ ರಬ್ಬರ್ ಉಂಡೆಯನ್ನು ಒತ್ತುವ ರಭಸ ನೋಡಿಯೇ ಅತ್ತಿಗೆಗೆ ಏನೋ ಇದೆಯೆಂದು ಗೊತ್ತಾಯಿತು. ನಿಯಮವನ್ನು ಗಾಳಿಗೆ ತೂರಿ ನರ್ಸಮ್ಮ ಎಲ್ಲ ಹೇಳಿಬಿಟ್ಟಳು. ಅತ್ತಿಗೆಯ ಮುಖ ಅರಳಿತು.

"ನಿಮ್ಮಣ್ಣ ಆ ಚೀಟಿ ನನಗೇ ಬರ್ಲಿ ಅಂತ ಎಷ್ಟು ಆಸೆಪಟ್ಟಿದ್ರು ಗೊತ್ತಾ? ಬಂದಿರೋದು ಇನ್ಯಾರದೋ. ಅವತ್ತಿಂದ ಸಿಡಿಸಿಡಿ ಅಂತಿದ್ದಾರೆ, ನನಗೂ ತೋರಿಸಲ್ಲ. ನೀನು ಅಂತ ಹೇಳೋದಿಲ್ಲ ಬಿಡು. ಯಾರೋ ಬದಲಾಯಿಸ್ಕೋಬೇಕು ಅಂತಿದ್ದಾರೆ ಅಂತೀನಿ."

ಮರುದಿನವೇ ಅತ್ತಿಗೆ ಮತ್ತೆ ಬಂದಳು, ಬಿಪಿಯ ನೆಪವೂ ಇಲ್ಲದೆ. ಮೇಯರ್ ಚೀಟಿ ಒಯ್ದು, ಬಾಯಿ ಅಂಟಿಸಿದ ಒಂದು ಪುಟ್ಟ ಲಕೋಟೆ ಮೇಜಿನ ಮೇಲಿಟ್ಟು ಹೋದಳು. ನರ್ಸಮ್ಮನಿಗೆ ಹೆಗಲ ಮೇಲಿನ ಭಾರ ಇಳಿದಂತಾಯಿತು. ಸಾಲಿನಲ್ಲಿದ್ದ ಕೊನೆಯ ಮಗುವಿಗೆ ಸೂಜಿ ಚುಚ್ಚಿ, ಅದು ಕಿರುಚಿದ್ದಕ್ಕೂ ನಕ್ಕು, ಕೈ ತೊಳೆದು ಬಂದು ಲಕೋಟೆ ಒಡೆದಳು.

ಚೀಟಿಯಲ್ಲಿ ಇದ್ದದ್ದು ಅವಳದೇ ಹೆಸರು. ಸಭೆಯ ಪಟ್ಟಿಯಲ್ಲಿರುವ ಹಾಗೆ, ಅಪ್ಪನ ಹೆಸರಿನ ಸಮೇತ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಹೊಳೆದದ್ದೆಲ್ಲ ಒಂದರ ಮೇಲೊಂದು ಬಂದು ಬಿತ್ತು. ಡಬ್ಬಿಯಲ್ಲಿ ಕೈ ಹಾಕಿದ ಅಣ್ಣನಿಗೆ ತಂಗಿ ಸಿಕ್ಕಿದ್ದಳು. ನಲವತ್ತು ದಿನ ತಂಗಿಗಾಗಿ ಬೇಡುವುದಿತ್ತು. ಅವನು ಆ ತಂಗಿಯನ್ನು ಯಾರು ಏನೆಂದು ಕೂಡ ಕೇಳದೆ, ಯಾರೋ ಒಬ್ಬರ ಕೈಗೆ ದಾಟಿಸಿ, ಬದಲಿಗೆ ಮೇಯರನ್ನು ತೆಗೆದುಕೊಂಡಿದ್ದ. ಚೀಟಿಗಳನ್ನು ಅಚ್ಚು ಹಾಕಿದ್ದು ಅವನ ಪ್ರೆಸ್ಸಿನಲ್ಲೇ, ಮಿಕ್ಕಿದ ಪೋಸ್ಟರುಗಳ ಹಿಂಬದಿಯಲ್ಲಿ. ತಿರುಗಿಸಿ ನೋಡಿದರೆ ಅವಳ ಹೆಸರಿನ ಬೆನ್ನಿಗೆ ಮೇಯರ್ ಬಾಯಿಯ ಒಂದು ಚೂರಿತ್ತು, ನಾಲ್ಕು ಹಲ್ಲು ಕಾಣುವಷ್ಟು. ಆ ಹಲ್ಲುಗಳ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ಎಳೆದ ಗೀಟುಗಳು, ದಿನಕ್ಕೊಂದರಂತೆ. ಒಂದು, ಎರಡು, ಮೂರು. ನಾಲ್ಕನೆಯದು ಇರಲಿಲ್ಲ.

ಅವಳಿಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟು ಬಂತು. ತಾನು ಮಾಡಿದ್ದೂ ಅದನ್ನೇ ಎಂಬುದು ತಲೆಗೆ ಹೋಗದೆ ಇರಲಿಲ್ಲ. ಆದರೆ ಮೇಯರೇನು ಅವಳ ಒಡಹುಟ್ಟಿದವನೇ? ಮೇಯರ್ ಜೊತೆ ಅವಳೇನು ಒಂದೇ ಕಂಬಳಿಯಲ್ಲಿ ಮಲಗಿ ಬೆಳೆದಿದ್ದಳೇ? ಅರ್ಧ ದಿನ ರಜೆ ಬರೆದು, ಕೊಡೆಯನ್ನೂ ಮರೆತು, ಎರಡು ಬೀದಿ ದಾಟಿ ಪ್ರೆಸ್ಸಿಗೆ ನಡೆದಳು. ಹನ್ನೊಂದು ತಿಂಗಳ ಹಿಂದೆ ಹೊಸದಾಗಿದ್ದ ರಸ್ತೆಯಲ್ಲಿ ಎರಡು ಗುಂಡಿ ಬಿದ್ದಿದ್ದವು. ನೋಡಿ ಅವಳಿಗೆ ಒಂಚೂರು ಸಮಾಧಾನವಾಯಿತು.

ಪ್ರೆಸ್ಸಿನಲ್ಲಿ ಅಣ್ಣನೊಬ್ಬನೇ ಇದ್ದ. ಮಷಿನ್ ಓಡುತ್ತಿತ್ತು, ಹಾಳೆಗಳು ಒಂದೊಂದಾಗಿ ಬಂದು ತಟ್ಟೆಯಲ್ಲಿ ಬೀಳುತ್ತಿದ್ದವು. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯಲ್ಲಿ ಹಸಿ ಪೋಸ್ಟರುಗಳು, ಸಾಲಾಗಿ ಹದಿನೆಂಟು ಮೇಯರುಗಳು. ಅವರ ನಡುವೆ ತಲೆ ತಗ್ಗಿಸಿ ನುಸುಳಿಕೊಂಡು ಬಂದ ತಂಗಿಯನ್ನು ನೋಡಿ ಅಣ್ಣ ಮಸಿ ಬಟ್ಟೆ ಹಿಡಿದುಕೊಂಡೇ ನಿಂತ. ಅವಳು ಚೀಟಿಯನ್ನು ಕಾಗದ ಕತ್ತರಿಸುವ ಮಷಿನ್ನಿನ ಮೇಲೆ ಹಲ್ಲಿನ ಬದಿ ಕಾಣುವಂತೆ ಇಟ್ಟಳು.

"ಮೂರು ದಿನ ಮಾಡಿದ್ದೀಯ. ನಾಲ್ಕನೇ ದಿನ ಏನಾಯ್ತು?"

ಅಣ್ಣ ಚೀಟಿ ನೋಡಿದ, ಅವಳನ್ನು ನೋಡಿದ. ಅದು ಹೇಗೆ ಯಾರ ಕೈಯಿಂದ ಯಾರ ಕೈಗೆ ಬಂತೆಂದು ಅವನ ಮುಖದ ಮೇಲೆ ನಿಧಾನಕ್ಕೆ ಮೂಡಿತು. ಮಷಿನ್ ಆರಿಸಿದ. ಒಂಬತ್ತು ತಿಂಗಳ ಮೇಲೆ ತಂಗಿಯೊಂದಿಗೆ ಆಡಿದ ಮೊದಲ ಮಾತು, ಮೇಯರ್ ಚೀಟಿ ನಿನಗೆ ಬಂದಿತ್ತಾ ಎಂಬುದು. ನರ್ಸಮ್ಮನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಹೌದು, ನನಗೇ ಬಂದಿತ್ತು, ಅವನಿಗೆ ಹೊಟ್ಟೆನೋವು ಬೇಡಿ ಬೇಡಿ ಸಾಕಾಯಿತು, ಆದರೆ ಬೈಯಲಿಕ್ಕಾದರೂ ಒಂಬತ್ತು ದಿನ ಅವನ ಹೆಸರು ಹೇಳಿದೆ, ನಿನಗೆ ನನ್ನ ಹೆಸರು ನಾಲ್ಕು ದಿನ ಹೇಳಲಾಗಲಿಲ್ಲವಲ್ಲ ಎಂದಳು. ಆ ಮನುಷ್ಯ ಇವತ್ತು ಬಂದ, ನಾಳೆ ಹೋಗುತ್ತಾನೆ, ಅವನಿಗೋಸ್ಕರ ನನ್ನನ್ನು ಕೊಟ್ಟುಬಿಟ್ಟೆಯಲ್ಲ ಎಂದಳು. ಇನ್ನೂ ಏನೇನೋ ಅಂದಳು. ಅವನು ಬೆರಳಿನ ಮಸಿ ಒರೆಸುತ್ತಲೇ ಇದ್ದ. ಬೆರಳು ಶುಭ್ರವಾಗಿ ಎಷ್ಟೋ ಹೊತ್ತಾಗಿತ್ತು.

"ಬಾಯಿ ಬಿಟ್ಟು ಹೇಳು," ಎಂದಳು.

"ನಿನಗೆ ಹೇಳೋಕಾಗಲ್ಲ," ಎಂದ ಅಣ್ಣ. ಚೀಟಿ ಕೈಗೆತ್ತಿಕೊಂಡು ಕಣ್ಣು ಮುಚ್ಚಿದ. "ಪರಲೋಕದ ತಂದೆಯೇ, ನನ್ನ ತಂಗಿಗಾಗಿ ನಿನ್ನ ಸನ್ನಿಧಾನಕ್ಕೆ ಬರುತ್ತೇನೆ."

ಪ್ರಾರ್ಥನೆಯ ನಡುವೆ ಬಾಯಿ ಹಾಕುವುದು ಆ ಸಭೆಯಲ್ಲಿ ಹುಟ್ಟಿ ಬೆಳೆದವರಿಂದ ಆಗುವ ಕೆಲಸವಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಆಮೆನ್ ಆದ ಮೇಲೆಯೇ ಏಳುವ ಜನ ಅವರು. ನರ್ಸಮ್ಮನ ಕಣ್ಣು ತಾನಾಗಿ ಮುಚ್ಚಿತು, ತಲೆ ತಾನಾಗಿ ಬಾಗಿತು. ಎಂಥ ಮೋಸಗಾರ ಎಂದು ಒಳಗೇ ಕುದಿದಳು.

ಆರೋಗ್ಯ ಕೊಡು, ಸಮಾಧಾನ ಕೊಡು ಎಂದು ಅಣ್ಣ ದೇವಾಲಯದ ಭಾಷೆಯಲ್ಲಿ ನಾಲ್ಕು ಮಾತು ಆಡಿದ. ಆಮೇಲೆ ದನಿ ಮನೆಯದಾಯಿತು.

"ನಾಲ್ಕನೇ ದಿನ ಯಾಕೆ ನಿಲ್ಲಿಸಿದೆ ಅಂತ ಇವಳು ಕೇಳ್ತಿದ್ದಾಳೆ ತಂದೆ. ನಿನಗೆ ಗೊತ್ತು. ಆಸ್ಪತ್ರೆ ಮುಚ್ಚೋ ನೋಟೀಸು ಇದೇ ಮಷಿನ್ನಲ್ಲಿ ಅಚ್ಚಾಗಿದ್ದು. ಗೇಟಿಗೆ ಅಂಟಿಸೋಕೆ ಹನ್ನೆರಡು ದಿನ ಮೊದಲು. ಪ್ರೂಫ್ ನಾನೇ ಎರಡು ಸಲ ಓದಿದೆ. ಯಾವ ಕೆಲಸಕ್ಕಾದ್ರೂ ಕೆಳಗೆ ಪ್ರೆಸ್ ಹೆಸರು ಹಾಕ್ತೀವಿ. ಇವಳು ನೋಡ್ತಾಳೆ ಅಂತ ಅದೊಂದರಲ್ಲಿ ತೆಗೆದುಬಿಟ್ಟೆ. ಆ ಹನ್ನೆರಡು ದಿನದಲ್ಲಿ ಎರಡು ಭಾನುವಾರ ನಮ್ಮನೇಲಿ ಊಟ ಮಾಡಿದ್ಳು. ವಾರ್ಡಿಗೆ ಹೊಸ ಪರದೆ ಹೊಲಿಸ್ಬೇಕು ಅಂತ ಹೇಳ್ತಿದ್ಳು. ನಾನು ತಲೆ ತಗ್ಗಿಸಿ ಉಣ್ತಿದ್ದೆ."

ನರ್ಸಮ್ಮ ಮುಚ್ಚಿದ ಕಣ್ಣಿನಲ್ಲೇ ಲೆಕ್ಕ ಹಾಕಿದಳು. ಹನ್ನೆರಡು ದಿನ. ಹನ್ನೆರಡು ದಿನ ಮೊದಲೇ ಗೊತ್ತಿದ್ದರೆ ಮನವಿ ಬರೆಯಬಹುದಿತ್ತು, ಅಲ್ಲಿ ಹೆತ್ತ ತಾಯಂದಿರನ್ನೆಲ್ಲ ಕರೆದು ಗೇಟಿನ ಮುಂದೆ ಕೂರಬಹುದಿತ್ತು. ಆ ಬೆಳಿಗ್ಗೆ ದಾರಿಹೋಕರ ಎದುರು ನಿಂತು ತನ್ನ ಕೆಲಸ ಹೋದದ್ದನ್ನು ತಾನೇ ಓದಿಕೊಳ್ಳುವುದಾದರೂ ತಪ್ಪುತ್ತಿತ್ತು. ಬಾಯಿ ತೆರೆದಳು. ಆಮೆನ್ ಆಗಿರಲಿಲ್ಲ. ಮುಚ್ಚಿಕೊಂಡಳು.

"ರಸ್ತೆಯಲ್ಲಿ ಹೆರಿಗೆ ಆಗುತ್ತೆ ಅಂದಿದ್ಳು, ಆಯ್ತು. ಇವಳು ಹೇಳಿದ್ದೇ ಸರಿ. ಅದು ಗೊತ್ತಾದ ಮೇಲೇ ಕುರ್ಚಿ ಗಿರ್ಚಿ ಅಂತ ಅಂದಿದ್ದು ನಾನು. ಇವಳ ಹೆಸರು ಹೇಳಿದಾಗೆಲ್ಲ ಆ ನೋಟೀಸು ಕಣ್ಮುಂದೆ ಬರುತ್ತೆ. ಮೇಯರ್‌ಗಾದ್ರೆ ಸುಲಭ, ಏನೂ ನೆನಪಾಗಲ್ಲ."

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಆಮೆನ್ ಎಂದ ಮರುಕ್ಷಣ ಏನು ಕಾದಿದೆಯೆಂದು ಅಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವನು ಬೇಡುತ್ತಲೇ ಹೋದ. ತಂಗಿಯ ಮಂಡಿನೋವಿಗಾಗಿ ಬೇಡಿದ. ಅವಳ ಗಂಡನ ಬಸ್ಸಿನ ಬ್ರೇಕಿಗಾಗಿ, ಮಗಳ ಪರೀಕ್ಷೆಗಾಗಿ, ಅಡುಗೆಮನೆಯಲ್ಲಿ ತೊಟ್ಟಿಕ್ಕುವ ನಲ್ಲಿಗಾಗಿ ಬೇಡಿದ. ಒಂಬತ್ತು ತಿಂಗಳಿಂದ ಆ ಮನೆಗೆ ಕಾಲಿಡದವನಿಗೆ ನಲ್ಲಿ ತೊಟ್ಟಿಕ್ಕುವುದು ಹೇಗೆ ಗೊತ್ತು? ಅತ್ತಿಗೆ ಹೇಳಿರಬೇಕು, ಅವನು ಕೇಳಿರಬೇಕು. ಒಬ್ಬ ಗಿರಾಕಿ ಬಾಗಿಲವರೆಗೆ ಬಂದು, ಇಬ್ಬರ ಮುಚ್ಚಿದ ಕಣ್ಣು ನೋಡಿ, ಚಪ್ಪಲಿ ಸದ್ದಾಗದಂತೆ ಹಿಂದಕ್ಕೆ ಸರಿದ. ಅಣ್ಣ ಲಸಿಕೆ ಮೇಜಿನ ಕಾಲಿಗಾಗಿ ಬೇಡಿದ, ಅದು ಅಲ್ಲಾಡುತ್ತದಂತೆ. ನರ್ಸಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಬೈಗುಳಗಳು ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು, ಇವನು ಬಿಡುತ್ತಿರಲಿಲ್ಲ. ಕೊನೆಗೆ ಅವನಿಗೆ ಬೇಡಲು ಏನೂ ಉಳಿಯಲಿಲ್ಲ.

"ಇನ್ನೇನು ತಂದೆ. ನಾನು ಸಾಯೋ ಹೊತ್ತಲ್ಲಿ ಇವಳು ನನ್ನ ಹತ್ತಿರ ಇರ್ಲಿ. ಬೈದುಕೊಂಡೇ ಇರ್ಲಿ, ಪರವಾಗಿಲ್ಲ. ಇವಳ ಕೈ ಇರ್ಲಿ."

ಆಮೆನ್ ಬರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು, ಚೀಟಿ ಹಿಡಿದುಕೊಂಡು, ಅಷ್ಟು ಜನ ಮೇಯರುಗಳ ಕೆಳಗೆ ಸುಮ್ಮನೆ ನಿಂತಿದ್ದ.

"ಆಮೆನ್," ಎಂದಳು ನರ್ಸಮ್ಮ.

ಅಣ್ಣ ಕಣ್ಣು ತೆರೆದ. ತಪ್ಪಿಸಿಕೊಳ್ಳಲು ದಾರಿ ಹುಡುಕಲಿಲ್ಲ. ಅವಳ ಸಿಟ್ಟು ಎಳ್ಳಷ್ಟೂ ಇಳಿದಿರಲಿಲ್ಲ, ಆ ಹನ್ನೆರಡು ದಿನಗಳನ್ನು ಅವಳು ಇನ್ನು ಹನ್ನೆರಡು ವರ್ಷ ಎತ್ತಿ ಆಡುವವಳೇ. ಆದರೆ ಈಗ ಸೆರಗಿನಿಂದ ಮೂಗು ಒರೆಸಿಕೊಂಡು, ಕೈ ಚಾಚಿದಳು. ನನ್ನ ಚೀಟಿ ನೀನೇ ಇಟ್ಟುಕೋ, ಆ ಮನುಷ್ಯನದನ್ನು ಇಲ್ಲಿ ಕೊಡು ಎಂದಳು. ಅಣ್ಣ ಅಂಗಿ ಜೇಬಿನಿಂದ ಮೇಯರ್ ಚೀಟಿ ತೆಗೆದು ಅವಳ ಅಂಗೈಯಲ್ಲಿ ಇಟ್ಟ.

"ಈಗ ನನ್ನ ಸರದಿ," ಎಂದಳು. "ಕಣ್ಣು ಮುಚ್ಚು. ನಿನ್ನ ವಿಷಯಾನೂ ಬರುತ್ತೆ ಇದರಲ್ಲಿ, ಸ್ವಲ್ಪ ಉದ್ದ ಆಗುತ್ತೆ. ನಾನು ಆಮೆನ್ ಅನ್ನೋವರೆಗೂ ಬಾಯಿ ಬಿಡ್ಬೇಡ."

ಅಣ್ಣ ಅವಳ ಮಂಡಿಯ ಕಡೆ ನೋಡಿ, ಸ್ಟೂಲೊಂದನ್ನು ಎಳೆದು ಕೊಟ್ಟು, ಕಣ್ಣು ಮುಚ್ಚಿದ.